ಕ್ಲೌನ್ ಮೀನಿಗೆ ಒಂದು ಅನಿಮೋನಿ ತರ್ಲಾ?

ಮನೆಯಲ್ಲಿ ಉಪ್ಪುನೀರಿನ ಮೀನಿನ ಟ್ಯಾಂಕ್ ಇಟ್ಟವರು ಯಾರೇ ಮಾತಿಗೆ ಸಿಗಲಿ, ಹತ್ತು ನಿಮಿಷದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಎರಡು ಕ್ಲೌನ್ ಮೀನು ತಂದಿದ್ದೀನಿ. ಪಾಪ, ಅವಕ್ಕೆ ಮನೆ ಇಲ್ಲ. ಒಂದು ಸೀ ಅನಿಮೋನಿ ತರ್ಲಾ?" (ಅನಿಮೋನಿ ಅಂದರೆ ಕಡಲ ಬಂಡೆಗೆ ಅಂಟಿಕೊಂಡು, ಚುಚ್ಚುವ ಕೈಗಳನ್ನು ಚಾಚಿ ಕೂರುವ ಜೀವಿ.) ಟ್ಯಾಂಕ್ ಇಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದರೆ, "ಇನ್ನೇನು, ಎರಡು ತಿಂಗಳು ತುಂಬುತ್ತೆ" ಅನ್ನುತ್ತಾರೆ.

ನನ್ನ ಉತ್ತರ: ಈಗ ಬೇಡ. ಇಷ್ಟೇ ಹೇಳಿ ಸುಮ್ಮನಾದರೆ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ತಾವು ಮಾತ್ರ ಇಟ್ಟುಕೊಂಡು ನಮಗೆ ಬೇಡ ಅಂತಾರಲ್ಲ, ಅನ್ನುವ ನೋಟ. ಅದಕ್ಕೇ ಯಾಕೆ ಬೇಡ, ಯಾವಾಗ ಆಗಬಹುದು ಅನ್ನೋದನ್ನ ಒಮ್ಮೆ ಬಿಡಿಸಿ ಬರೆದುಬಿಡುತ್ತೇನೆ.

ಮೊದಲು ಆ 'ಪಾಪ'ದ ವಿಷಯ. ಸಮುದ್ರದಲ್ಲಿ ಕ್ಲೌನ್ ಮೀನಿಗೆ ಅನಿಮೋನಿ ಬೇಕೇ ಬೇಕು. ಈಜುವುದರಲ್ಲಿ ಅದು ಅಷ್ಟಕ್ಕಷ್ಟೆ. ಬಯಲಿಗೆ ಬಂದರೆ ಯಾವುದಾದರೂ ದೊಡ್ಡ ಮೀನಿನ ಬಾಯಿಗೆ ಬೀಳುತ್ತದೆ. ಅನಿಮೋನಿಯ ಕೈಗಳ ನಡುವೆ ಇದ್ದರೆ, ಚುಚ್ಚಿಸಿಕೊಳ್ಳುವ ಭಯಕ್ಕೆ ಯಾರೂ ಹತ್ತಿರ ಸುಳಿಯುವುದಿಲ್ಲ. ಆದರೆ ನಿಮ್ಮ ಟ್ಯಾಂಕಿನಲ್ಲಿ ಅದನ್ನು ತಿನ್ನಲು ಬರುವವರು ಯಾರಿದ್ದಾರೆ ಹೇಳಿ? ಅದೂ ಅಲ್ಲದೆ ಈಗ ಮಾರಾಟಕ್ಕೆ ಬರುವ ಕ್ಲೌನ್ ಮೀನುಗಳಲ್ಲಿ ಬಹಳಷ್ಟು ಟ್ಯಾಂಕಿನಲ್ಲೇ ಹುಟ್ಟಿ ಬೆಳೆದವು. ಅವು ಅನಿಮೋನಿ ಮುಖವನ್ನೇ ನೋಡಿರುವುದಿಲ್ಲ. ನೋಡದೆಯೇ ಹತ್ತು ವರ್ಷ ದಾಟಿ ಬದುಕುತ್ತವೆ, ಜೋಡಿಯಾಗುತ್ತವೆ, ಮೊಟ್ಟೆಯನ್ನೂ ಇಡುತ್ತವೆ.

ತಂದಿಟ್ಟರೂ ಅವು ಹೋಗಿ ಸೇರಿಕೊಳ್ಳುತ್ತವೆ ಅನ್ನುವ ಗ್ಯಾರಂಟಿ ಇಲ್ಲ. ಅನಿಮೋನಿಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅದರಲ್ಲಿ ಕ್ಲೌನ್ ಮೀನಿಗೆ ಜಾಗ ಕೊಡುವವು ಹತ್ತರಷ್ಟು ಮಾತ್ರ. ಆ ಹತ್ತರಲ್ಲೂ ಒಂದೊಂದು ಮೀನಿಗೆ ಒಂದೊಂದು ಆಯ್ಕೆ. ಎಲ್ಲರ ಮನೆಯಲ್ಲೂ ಇರುವ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಸೆಲ್ಲಾರಿಸ್ ಕಡಲಲ್ಲಿ ಮೂರು ಜಾತಿಯ ಅನಿಮೋನಿಗಳಲ್ಲಿ ವಾಸ ಮಾಡುತ್ತದೆ. ನಾವು ಸಾಮಾನ್ಯವಾಗಿ ಕೊಳ್ಳುವ ಬಬಲ್ ಟಿಪ್ ಅನ್ನುವ ಅನಿಮೋನಿ ಆ ಮೂರರಲ್ಲಿ ಇಲ್ಲ! ಟ್ಯಾಂಕಿನಲ್ಲಿ ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ, ನಿಜ. ಕೆಲವು ಮರುದಿನವೇ ಹೋಗಿ ಮಲಗುತ್ತವೆ. ನನ್ನ ಜೋಡಿ ಮಾತ್ರ ಅನಿಮೋನಿ ಬಂದು ಐದು ತಿಂಗಳಾದರೂ ಪಂಪಿನ ಹಿಂದೆಯೇ ಮಲಗುತ್ತಿತ್ತು.

ಹಾಗಾಗಿ ಮೀನಿನ ನೆಪ ಬಿಡಿ. ಅನಿಮೋನಿಯನ್ನೇ ಸಾಕುವ ಆಸೆ ಇದ್ದರೆ ಮುಂದೆ ಓದಿ.

ನೋಡಲು ಹೂವಿನ ಹಾಗಿದ್ದರೂ ಇದು ಪ್ರಾಣಿ. ಹವಳ, ಜೆಲ್ಲಿ ಮೀನು ಇವೆಲ್ಲ ಇದರ ನೆಂಟರು. ಮೂಳೆ ಇಲ್ಲ, ಮಿದುಳು ಇಲ್ಲ. ಮಧ್ಯದಲ್ಲಿ ಒಂದು ಬಾಯಿ. ತಿನ್ನುವುದೂ ಅದರಿಂದಲೇ, ಉಳಿದದ್ದನ್ನು ಹೊರಹಾಕುವುದೂ ಅದರಿಂದಲೇ. ಸುತ್ತ ಬಳ್ಳಿಯಂಥ ಕೈಗಳು, ಕೆಳಗೆ ಬಂಡೆಗೆ ಅಂಟಿಕೊಳ್ಳುವ ಒಂದು ಪಾದ. ಇಷ್ಟೇ ಪ್ರಾಣಿ. ಆದರೆ ಇದರಷ್ಟು ಹಠಮಾರಿಯನ್ನು ನಾನು ಬೇರೆ ಕಂಡಿಲ್ಲ.

ನನ್ನ ಮೊದಲನೇ ಅನಿಮೋನಿ ಬದುಕಿದ್ದು ಹನ್ನೊಂದೇ ದಿನ. ಟ್ಯಾಂಕಿಗೆ ಆಗ ಮೂರು ತಿಂಗಳು. ತಂದ ದಿನ ನಟ್ಟನಡುವಿನ ಬಂಡೆಯ ಮೇಲೆ, ಹೂದಾನಿ ಇಟ್ಟ ಹಾಗೆ, ಚೆಂದವಾಗಿ ಇಟ್ಟೆ. ಬೆಳಿಗ್ಗೆ ನೋಡಿದರೆ ಹಿಂಭಾಗದ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿ ಮತ್ತೆ ಬಂಡೆಯ ಮೇಲಿಟ್ಟೆ. ಮತ್ತೆ ಹೋಯಿತು. ಮತ್ತೆ ತಂದೆ. ನಾನು ಬುದ್ಧಿವಂತ, ಅದಕ್ಕೆ ಮಿದುಳೇ ಇಲ್ಲ, ಅಲ್ವಾ? ಹತ್ತನೇ ರಾತ್ರಿ ಅದು ಪೂರ್ತಿ ಬಂಡೆ ಬಿಟ್ಟು ನೀರಿನ ಸೆಳೆತಕ್ಕೆ ಸಿಕ್ಕಿ ತೇಲಿ, ನೀರಿನಲ್ಲಿ ಅಲೆ ಎಬ್ಬಿಸುವ ಪಂಪಾದ ವೇವ್‌ಮೇಕರ್ ಸೇರಿತು. ಬೆಳಿಗ್ಗೆ ಲೈಟ್ ಹಾಕಿದಾಗ ನೀರು ಹಾಲು ಬೆರೆಸಿದ ಹಾಗಿತ್ತು. ಕಂದು ಚೂರುಗಳು ಎಲ್ಲೆಲ್ಲೂ ತೇಲುತ್ತಿದ್ದವು. ಅಂದು ಮಧ್ಯಾಹ್ನದವರೆಗೂ ನೀರು ಬದಲಾಯಿಸಿದೆ. ಮೀನುಗಳಲ್ಲಿ ಒಂದು ಸತ್ತೇಹೋಯಿತು.

ಅನಿಮೋನಿ ಸತ್ತರೆ ಬರೀ ಅನಿಮೋನಿ ಸಾಯುವುದಿಲ್ಲ. ಕೊಳೆತ ಮೈಯಿಂದ ಬರುವ ಅಮೋನಿಯಾ ಇಡೀ ಟ್ಯಾಂಕನ್ನೇ ಕೆಡಿಸುತ್ತದೆ.

ಅನಿಮೋನಿ ಹಾಗೆ ಜಾಗ ಬದಲಿಸುತ್ತಾ ನಡೆಯುವುದು ಸುಮ್ನೆ ಅಲ್ಲ. ಅದಕ್ಕೆ ಬೇಕಾದ ಬೆಳಕು, ಬೇಕಾದಷ್ಟೇ ನೀರಿನ ಓಟ, ಪಾದ ಅವಿತುಕೊಳ್ಳಲು ಒಂದು ಸಂದು, ಈ ಮೂರೂ ಒಂದೇ ಕಡೆ ಸಿಗುವವರೆಗೆ ಹುಡುಕುತ್ತದೆ. ಬಬಲ್ ಟಿಪ್‌ಗಂತೂ ಪಾದ ಇಳಿಸಲು ಬಂಡೆಯಲ್ಲಿ ತೂತು ಇದ್ದರೆ ಬಲು ಇಷ್ಟ. ಹೆದರಿದಾಗ ಮೈಯೆಲ್ಲ ಒಳಗೆಳೆದುಕೊಂಡು ಬಚ್ಚಿಟ್ಟುಕೊಳ್ಳುತ್ತದೆ. ಎರಡನೇ ಸಲ ನಾನು ಮಾಡಿದ್ದು ಇಷ್ಟು: ಪಂಪುಗಳ ಬಾಯಿಗೆ ಸ್ಪಂಜಿನ ಕವಚ ಹಾಕಿದೆ. ನೀರು ಹೊರಹೋಗುವ ಕಡೆಗೆ ಜಾಲರಿ ಕಟ್ಟಿದೆ. ಒಂದು ಗಂಟೆ ಪಂಪೆಲ್ಲ ಆಫ್ ಮಾಡಿ, ತೂತಿರುವ ಬಂಡೆಯ ಪಕ್ಕದಲ್ಲಿ ಬಿಟ್ಟೆ. ಆಮೇಲೆ ಕೈ ಹಾಕಲಿಲ್ಲ. ಒಂಬತ್ತು ದಿನ ಅಲೆದಾಡಿತು. ಕೊನೆಗೆ ಎಡಮೂಲೆಯಲ್ಲಿ, ಬಂಡೆಯ ಮರೆಯಲ್ಲಿ ನಿಂತಿತು. ಕೂತಲ್ಲಿಂದ ನೋಡಿದರೆ ಅರ್ಧವೂ ಕಾಣದು. ನಾನೇ ಕುರ್ಚಿಯ ಜಾಗ ಬದಲಿಸಿದೆ.

ಒಮ್ಮೆ ನಿಂತಮೇಲೆ ಕಿತ್ತು ತೆಗೆಯಲು ಹೋಗಬೇಡಿ. ಪಾದ ಹರಿದರೆ ಅದು ಉಳಿಯುವುದು ಕಷ್ಟ. ತೆಗೆಯಲೇಬೇಕಾದರೆ ಬಂಡೆ ಸಮೇತ ತೆಗೆಯಿರಿ.

ಈಗ 'ಈಗ ಬೇಡ' ಯಾಕೆ ಅಂದೆ ಅನ್ನೋದು. ಅನಿಮೋನಿಗೆ ಬೇಕಾದದ್ದು ಬದಲಾಗದ ನೀರು. ಉಪ್ಪು ಸಾವಿರಕ್ಕೆ 35, ಶಾಖ 25ರಿಂದ 26 ಡಿಗ್ರಿ, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಈ ಅಂಕಿಗಳನ್ನು ಒಂದು ದಿನ ಮುಟ್ಟುವುದು ಸುಲಭ. ತಿಂಗಳುಗಟ್ಟಲೆ ಅಲ್ಲೇ ನಿಲ್ಲಿಸುವುದೇ ಕೆಲಸ. ಒಂದು ಲೆಕ್ಕ ನೋಡಿ. 100 ಲೀಟರ್ ನೀರಿನಲ್ಲಿ ಸುಮಾರು 3500 ಗ್ರಾಂ ಉಪ್ಪಿದೆ. ನೀವು ನಾಲ್ಕು ದಿನ ಊರಿಗೆ ಹೋದಿರಿ, 5 ಲೀಟರ್ ಆವಿಯಾಯಿತು. ಉಪ್ಪು ಆವಿಯಾಗುವುದಿಲ್ಲ. ಉಳಿದ 95 ಲೀಟರಿನಲ್ಲಿ ಅಷ್ಟೇ ಉಪ್ಪು. ಅಂದರೆ 35 ಇದ್ದದ್ದು ಹತ್ತಿರಹತ್ತಿರ 37 ಆಯಿತು. ನೀವು ಬಂದವರೇ ಗಾಬರಿಯಾಗಿ ಒಂದೇ ಸಲಕ್ಕೆ ಸಿಹಿನೀರು ಸುರಿದಿರಿ, ಮತ್ತೆ ಧಡಕ್ಕನೆ ಕೆಳಗೆ. ಮೀನು ಹೇಗೋ ತಡೆದುಕೊಳ್ಳುತ್ತದೆ. ತೆಳ್ಳನೆ ಚರ್ಮದ ಈ ಪ್ರಾಣಿಗೆ ಅದು ಕಷ್ಟ. ಉಪ್ಪುನೀರನ್ನೇ ತುಂಬಿ ಉಪ್ಪು ಇನ್ನೂ ಏರಿಸುವವರೂ ಇದ್ದಾರೆ. ಆವಿಯಾದಷ್ಟು ಜಾಗಕ್ಕೆ ಶುದ್ಧ ಆರ್‌ಓ ನೀರನ್ನೇ, ದಿನಾ ಸ್ವಲ್ಪ ಸ್ವಲ್ಪ ಹಾಕಬೇಕು.

ಹೊಸ ಟ್ಯಾಂಕಿನಲ್ಲಿ ಇದೆಲ್ಲ ಏರಿಳಿಯುತ್ತಲೇ ಇರುತ್ತದೆ. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಬಂಡೆ ಮರಳಿನಲ್ಲಿ ನೆಲೆಯೂರಬೇಕು, ಪಾಚಿ ಬಂದು ಹೋಗಬೇಕು. ಅದಕ್ಕಿಂತ ಮುಖ್ಯವಾಗಿ ನಿಮ್ಮ ಕೈ ಪಳಗಬೇಕು. ಆರು ತಿಂಗಳು ಕಡಿಮೆ ಅಂದರೆ. ಒಂದು ವರ್ಷ ಆದರೆ ಇನ್ನೂ ಒಳ್ಳೆಯದು. ಟ್ಯಾಂಕ್ 150 ಲೀಟರಿಗಿಂತ ಚಿಕ್ಕದಾದರೆ ವರ್ಷವಾದರೂ ನಾನು ಬೇಡವೆಂದೇ ಹೇಳುತ್ತೇನೆ. ಬಬಲ್ ಟಿಪ್ 30 ಸೆಂಟಿಮೀಟರ್ ಅಗಲಕ್ಕೆ ಬೆಳೆಯಬಲ್ಲದು. ಪಕ್ಕದಲ್ಲಿ ಹವಳ ಇದ್ದರೆ ಹೋಗಿ ಚುಚ್ಚುತ್ತದೆ. ಮೀನಿನ ಕಾಯಿಲೆಗೆ ಅಂತ ಹಿಂದೆ ಯಾವಾಗಲಾದರೂ ಟ್ಯಾಂಕಿಗೆ ತಾಮ್ರದ ಔಷಧ ಹಾಕಿದ್ದರೆ ಅದನ್ನೂ ನೆನಪಿಸಿಕೊಳ್ಳಿ. ಬಂಡೆ ತಾಮ್ರವನ್ನು ಹೀರಿಟ್ಟುಕೊಳ್ಳುತ್ತದೆ, ಅನಿಮೋನಿಗೆ ಅದು ವಿಷ.

ಎಲ್ಲ ಸರಿ ಇದೆ, ಅಂಗಡಿಗೆ ಹೋದಿರಿ ಅಂತಿಟ್ಟುಕೊಳ್ಳೋಣ. ಅಲ್ಲಿ ಕಣ್ಣಿಗೆ ಮೊದಲು ಬೀಳುವುದು ಹಾಲಿನಂತೆ ಬೆಳ್ಳಗಿರುವ ಅನಿಮೋನಿ. ಎಷ್ಟು ಚೆಂದ ಅನಿಸುತ್ತದೆ. ಅದು ಹಸಿದಿರುವ ಬಣ್ಣ. ಆರೋಗ್ಯದ ಅನಿಮೋನಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಅನಿಮೋನಿಗೂ ಪಾಲು ಕೊಡುತ್ತದೆ. ಅದರಿಂದಲೇ ಮೈಗೆ ಕಂದು ಛಾಯೆ. ಟ್ಯಾಂಕಿಗೆ ಜೋರು ಲೈಟ್ ಬೇಕು ಅನ್ನುವುದೂ ಈ ಪಾಚಿಗೋಸ್ಕರವೇ. ಪಾಚಿ ಬಿಟ್ಟುಹೋದರೆ ಮೈ ಬೆಳ್ಳಗಾಗುತ್ತದೆ. ಕಣ್ಣು ಕುಕ್ಕುವ ಹಳದಿಯದ್ದು ಕಂಡರೆ ಇನ್ನೂ ಹುಷಾರು. ಬೆಳ್ಳಗಾದದ್ದಕ್ಕೆ ಬಣ್ಣ ಹಾಕಿ ಮಾರುವುದೂ ಉಂಟು.

ನಾನು ನೋಡುವುದು ಬಾಯಿ. ಮುಚ್ಚಿಕೊಂಡು ಬಿಗಿಯಾಗಿರಬೇಕು. ಜೋತುಬಿದ್ದು ಒಳಗಿನದೆಲ್ಲ ಕಾಣುತ್ತಿದ್ದರೆ ವಾಪಸ್ ಬನ್ನಿ. ಆಮೇಲೆ ಪಾದ. ಗಾಜಿಗೋ ಬಂಡೆಗೋ ಗಟ್ಟಿಯಾಗಿ ಹಿಡಿದಿರಬೇಕು, ಎಲ್ಲೂ ಹರಿದಿರಬಾರದು. ಅನಿಮೋನಿಯ ಒಂದು ಕೈಯನ್ನು ಮುಟ್ಟಿ ತೋರಿಸಲು ಅಂಗಡಿಯವರಿಗೆ ಹೇಳಿ. ಅಂಟಬೇಕು, ಅಂಟಿ ಒಳಗೆಳೆದುಕೊಳ್ಳಬೇಕು. ಆಗುವುದಾದರೆ ಯಾರದಾದರೂ ಟ್ಯಾಂಕಿನಲ್ಲಿ ತಾನಾಗಿ ಸೀಳಿಕೊಂಡು ಎರಡಾದ ಬಬಲ್ ಟಿಪ್ಪನ್ನೇ ತನ್ನಿ. ಅದಕ್ಕೆ ಟ್ಯಾಂಕಿನ ಬದುಕು ಗೊತ್ತು. ಕಾರ್ಪೆಟ್ ಅನಿಮೋನಿ ಮೊದಲ ಸಲಕ್ಕೆ ಖಂಡಿತ ಬೇಡ. ನೋಡಲು ಅದ್ಭುತ, ಆದರೆ ಹತ್ತಿರ ಬಂದ ಮೀನನ್ನು ನುಂಗಿಬಿಡುತ್ತದೆ.

ಊಟ ಹಾಕುವ ಹೊತ್ತು ನನಗೆ ತುಂಬಾ ಇಷ್ಟ. ವಾರಕ್ಕೊಮ್ಮೆ, ಬಟಾಣಿ ಕಾಳಿನಷ್ಟು ಸಿಗಡಿ ಚೂರು. ಇಕ್ಕಳದಲ್ಲಿ ಹಿಡಿದು ಒಂದು ಕೈಗೆ ತಾಗಿಸುತ್ತೇನೆ. ಆ ಕೈ ಅಂಟುತ್ತದೆ. ಪಕ್ಕದ ನಾಲ್ಕು ಕೈಗಳಿಗೆ ಹೇಗೋ ಸುದ್ದಿ ಮುಟ್ಟುತ್ತದೆ, ಅವೂ ಬಾಗುತ್ತವೆ. ನಿಧಾನಕ್ಕೆ ಇಡೀ ಮೈ ಮುದುಡಿ, ಮುಷ್ಟಿ ಕಟ್ಟಿದ ಹಾಗಾಗುತ್ತದೆ. ಒಳಗೆ ಬಾಯಿ ತೆರೆದು ಚೂರು ಮಾಯ. ದೊಡ್ಡ ಚೂರು ಕೊಟ್ಟರೆ ಜಾಸ್ತಿ ಬೆಳೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಮರುದಿನ ಅದನ್ನು ಹಾಗೇ, ಲೋಳೆ ಸುತ್ತಿ, ಉಗುಳಿತ್ತು.

ಊಟದ ಮಾತು ಬಂತಲ್ಲ, ಮರುದಿನದ ಫೋನುಗಳ ಬಗ್ಗೆಯೂ ಹೇಳಬೇಕು. "ಸತ್ತೇಹೋಯ್ತು, ಗಾಳಿ ಹೋದ ಬಲೂನಿನ ಥರ ಬಿದ್ದಿದೆ, ಬಾಯಿಂದ ಕಂದು ನೂಲಿನಂಥದ್ದು ಬರ್ತಿದೆ!" ಏನೂ ಆಗಿಲ್ಲ. ಮೈಯಲ್ಲಿನ ನೀರು ಬಿಟ್ಟು ಕೊಳೆ ಹೊರಹಾಕುತ್ತಿದೆ. ಸಂಜೆಯೊಳಗೆ, ಹೆಚ್ಚೆಂದರೆ ಮರುದಿನ, ಮತ್ತೆ ಉಬ್ಬಿಕೊಳ್ಳುತ್ತದೆ. ನಿಜವಾಗಿ ಸಾಯುತ್ತಿದ್ದರೆ ಬಾಯಿ ಮುಚ್ಚುವುದೇ ಇಲ್ಲ, ಪಾದ ಹಿಡಿತ ಬಿಡುತ್ತದೆ, ಮೈ ಲೋಳೆಲೋಳೆಯಾಗಿ ಕರಗುತ್ತದೆ. ವಾಸನೆಯಂತೂ ಯಾರೂ ಹೇಳಿಕೊಡಬೇಕಿಲ್ಲ. ಆಗ ಮಾತ್ರ ತಡಮಾಡದೆ ತೆಗೆದುಬಿಡಿ.

ಎಷ್ಟು ವರ್ಷ ಬದುಕುತ್ತೆ ಅಂತಲೂ ಕೇಳುತ್ತಾರೆ. ಸ್ಕಾಟ್ಲೆಂಡಿನ ನಿಸರ್ಗ ವಿಜ್ಞಾನಿ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ಕಡಲ ದಂಡೆಯಿಂದ ಒಂದು ಅನಿಮೋನಿ ತಂದು ಗಾಜಿನ ಜಾಡಿಯಲ್ಲಿಟ್ಟರು. ಲೈಟ್ ಇಲ್ಲ, ಪಂಪ್ ಇಲ್ಲ. ತಣ್ಣೀರಿನ ಜಾತಿ ಅದು, ಮೈಯೊಳಗೆ ಪಾಚಿಯ ಗೊಡವೆಯೂ ಇಲ್ಲ. ಸಮುದ್ರದ ನೀರು ಬದಲಾಯಿಸುವುದು, ಒಂದಿಷ್ಟು ಊಟ ಹಾಕುವುದು, ಅಷ್ಟೇ. 1851ರಲ್ಲಿ ಅವರು ತೀರಿಕೊಂಡರು. ಅನಿಮೋನಿ ತೀರಿಕೊಳ್ಳಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ, ನೂರಾರು ಮರಿ ಹಾಕುತ್ತಾ, 1887ರವರೆಗೆ ಬದುಕಿತು. ಜನ ಅದನ್ನು 'ಗ್ರಾನಿ', ಅಂದರೆ ಅಜ್ಜಿ ಅಂತಲೇ ಕರೆಯುತ್ತಿದ್ದರು. ಎರಡು ತಿಂಗಳ ಟ್ಯಾಂಕಿನವರು ನಾಲ್ಕು ತಿಂಗಳು ಕಾಯಲು ಬೇಜಾರು ಮಾಡಿಕೊಂಡಾಗ ನಾನು ಈ ಅಜ್ಜಿಯ ಕಥೆ ಹೇಳುತ್ತೇನೆ.

ಹಾಗೆ ನೋಡಿದರೆ ಕೇಳದೆಯೇ ಬರುವ ಅನಿಮೋನಿಯೂ ಒಂದಿದೆ. ಐಪ್ಟೇಶಿಯಾ. ಲೈವ್ ರಾಕ್ (ಸಣ್ಣ ಜೀವಿಗಳ ಸಮೇತ ತರುವ ಕಡಲ ಬಂಡೆ) ಜೊತೆ ಚಿಕ್ಕ ಕಂದು ತೆಂಗಿನ ಮರದ ಥರ ಬಂದು ಕೂರುತ್ತದೆ. ಕತ್ತರಿಸಿದರೆ ಪ್ರತಿ ಚೂರೂ ಹೊಸ ಅನಿಮೋನಿ. ನೀರು ಹೇಗಿದ್ದರೂ, ಲೈಟ್ ಇಲ್ಲದಿದ್ದರೂ ಸಾಯಲ್ಲ. ಪೆಪ್ಪರ್‌ಮಿಂಟ್ ಸಿಗಡಿಯನ್ನು ಟ್ಯಾಂಕಿಗೆ ಹಾಕಿದರೆ ಎಷ್ಟೋ ಸಲ ಅದು ಇದನ್ನು ತಿಂದು ಮುಗಿಸುತ್ತದೆ. ನಾವು ಕಾಪಾಡಲು ಒದ್ದಾಡುವುದೂ ಅನಿಮೋನಿ, ಕೊಲ್ಲಲು ಒದ್ದಾಡುವುದೂ ಅನಿಮೋನಿ.

ಎಡಮೂಲೆಯ ನನ್ನದು ಕಳೆದ ವರ್ಷ ಸೀಳಿಕೊಂಡು ಎರಡಾಯಿತು. ಬೆಳಿಗ್ಗೆ ಉದ್ದುದ್ದ ಎಳೆದುಕೊಂಡಿತ್ತು, ಸಂಜೆಗೆ ಎರಡು ಪಾದ ಎರಡು ದಿಕ್ಕಿಗೆ ಹೊರಟಿದ್ದವು. ಕ್ಲೌನ್ ಮೀನುಗಳ ಪೈಕಿ ಹೆಣ್ಣು ಈಗ ಎರಡೂ ತನ್ನವೇ ಅನ್ನುವ ಹಾಗೆ ಓಡಾಡುತ್ತದೆ. ನಾನು ಕೈ ಹಾಕಿದರೆ ಬಂದು ಕಚ್ಚುತ್ತದೆ. ಗಂಡಿಗೆ ಎರಡರಲ್ಲೂ ಜಾಗ ಸಿಕ್ಕಿಲ್ಲ. ಅದು ಈಗಲೂ ಪಂಪಿನ ಹಿಂದೆಯೇ ಮಲಗುತ್ತದೆ.