ಬಿಸಿಲೂರಿನಲ್ಲಿ ಕಂಪ್ಯೂಟರಿನ ಸದ್ದು ತಗ್ಗಿಸುವ ಬಗೆ

ಕಂಪ್ಯೂಟರ್ ಕ್ಯಾಬಿನೆಟ್ಟಿನ ಒಳಮೈಗೆ ಫೋಮ್ ಅಂಟಿಸಿಬಿಟ್ಟರೆ ಸದ್ದು ಅಡಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮನೆಯಲ್ಲಿಯೇ ಕುಳಿತು ಪಾಠಗಳನ್ನು ಧ್ವನಿಮುದ್ರಿಸುವ ನನಗೆ, ಮೈಕಿನೊಳಗೆ ನುಸುಳುವ ಗುಂಯ್‌ಗುಡುವಿಕೆಯನ್ನು ತಗ್ಗಿಸದೆ ಗತ್ಯಂತರವಿರಲಿಲ್ಲ. ಆದರೆ ರಾಯಚೂರಿನಂತಹ ಊರಿನಲ್ಲಿ ಈ ಕೆಲಸವನ್ನು ಫೋಮಿನಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಕಾರಣ ನಮ್ಮ ಬಿಸಿಲು. ಕೊಠಡಿಯ ಉಷ್ಣತೆ 22 ಡಿಗ್ರಿಯಿಂದ 38ಕ್ಕೆ ಏರಿದರೆ, ಅದೇ ಕೆಲಸಕ್ಕೆ, ಅದೇ ಫ್ಯಾನಿನ ವೇಗಕ್ಕೆ, ಪ್ರೊಸೆಸರಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಫೋಮ್ ದಪ್ಪನಾಗಿದ್ದು ಗಾಳಿಯ ದಾರಿಗೆ ಅಡ್ಡ ಬಂದರೆ ಒಳಗಿನ ಬಿಸಿ ಹೊರಹೋಗದೆ ಫ್ಯಾನುಗಳು ಇನ್ನಷ್ಟು ಜೋರಾಗಿ ತಿರುಗುತ್ತವೆ, ಸದ್ದು ತಗ್ಗಿಸಲು ಹಾಕಿದ ವಸ್ತುವೇ ಸದ್ದಿಗೆ ಕಾರಣವಾಗುತ್ತದೆ. ಆದ್ದರಿಂದ ಮೊದಲು ಮುಟ್ಟಬೇಕಾದದ್ದು ಫ್ಯಾನಿನ ವೇಗವನ್ನು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುವುದರಿಂದ ಇದು ಸಣ್ಣ ಲಾಭವಲ್ಲ. 120 ಮಿಲಿಮೀಟರಿನ ಫ್ಯಾನಿನ ಬದಲು 140ರದ್ದನ್ನು ನಿಧಾನವಾಗಿ ತಿರುಗಿಸುವುದು, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗುಗಳಲ್ಲಿ) ಫ್ಯಾನ್ ಕರ್ವನ್ನು, ಅಂದರೆ ತಾಪ ಏರಿದಂತೆ ಫ್ಯಾನಿನ ವೇಗ ಎಷ್ಟು ಏರಬೇಕೆಂಬ ಲೆಕ್ಕವನ್ನು, ಸೌಮ್ಯಗೊಳಿಸುವುದು, ಫಿಲ್ಟರನ್ನು ಸ್ವಚ್ಛವಾಗಿಡುವುದು, ಇವೆಲ್ಲ ಮೊದಲು. ಹತ್ತಿಯ ಹಂಗಾಮಿನಲ್ಲಿ ಜಿನ್ನಿಂಗ್ ಮಿಲ್ಲುಗಳ ಆಸುಪಾಸಿನಲ್ಲಿ ಇರುವವರಿಗೆ ಫಿಲ್ಟರಿನ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೂ ಉಳಿಯುವುದು ತಗಡಿನ ನಡುಕ. ಅಗ್ಗದ ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ತೆಳ್ಳಗಿದ್ದು, ಹಾರ್ಡ್ ಡಿಸ್ಕಿನ ಕಂಪನವನ್ನು ಹಿಗ್ಗಿಸಿ ಕೋಣೆಗೆ ಹರಡುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ಮೂಲ ಕಂಪನ 120 ಹರ್ಟ್ಸ್. ಗಾಳಿಯಲ್ಲಿ ಆ ತರಂಗದ ಉದ್ದ ಸುಮಾರು ಮೂರು ಮೀಟರು. ಇಷ್ಟು ಉದ್ದದ ತರಂಗವನ್ನು ಒಂದು ಸೆಂಟಿಮೀಟರ್ ದಪ್ಪದ ಫೋಮ್ ಹೀರಿಕೊಳ್ಳಲಾರದು, ಅದಕ್ಕೆ ದಕ್ಕುವುದು ಕೀರಲು ಧ್ವನಿ ಮಾತ್ರ. ತಗ್ಗಿನ ಗುಂಯ್‌ಗುಡುವಿಕೆಗೆ ಬೇಕಾದದ್ದು ಭಾರವಾದ, ಅಂಟುವ ಹಾಳೆ. ಬಾರಿಸಿದ ಜಾಗಟೆಯ ಮೇಲೆ ಅಂಗೈ ಇಟ್ಟರೆ ಅದು ಹೇಗೆ ಸುಮ್ಮನಾಗುತ್ತದೆಯೋ ಹಾಗೆ ಆ ಹಾಳೆ ತಗಡನ್ನು ಹಿಡಿದು ನಿಲ್ಲಿಸುತ್ತದೆ. ಡಿಸ್ಕಿನ ಸ್ಕ್ರೂಗಳ ಕೆಳಗೆ ರಬ್ಬರ್ ವಾಷರ್ ಕೊಟ್ಟರೆ ನಡುಕ ತಗಡಿಗೆ ದಾಟುವುದೇ ಕಡಿಮೆಯಾಗುತ್ತದೆ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಗೆ ಬದಲಾಯಿಸಿಕೊಂಡವರಿಗಂತೂ ಈ ತೊಂದರೆಯೇ ಇಲ್ಲ.

ಆ ಹಾಳೆಯನ್ನು ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಕುವ ಅಗತ್ಯವಿಲ್ಲ, ಕಾರ್ ಡೆಕೋರ್ ಅಂಗಡಿಯಲ್ಲಿ ಬಾಗಿಲುಗಳಿಗೆ ಹಾಕುವ ಡ್ಯಾಂಪಿಂಗ್ ಶೀಟ್ ಸಾಕು. ನಾನು ಕೇಳಿದಾಗ ಅಂಗಡಿಯ ಹುಡುಗ, “ಯಾವ ಗಾಡಿಗ್ರೀ ಸರ?” ಎಂದ. ಕಂಪ್ಯೂಟರಿಗೆ ಎಂದು ಹೇಳಿದ್ದಕ್ಕೆ ಒಂದು ಕ್ಷಣ ನನ್ನ ಮುಖ ನೋಡಿ, ಮಾತಿಲ್ಲದೆ ಶೀಟ್ ಕತ್ತರಿಸಿ ಕೊಟ್ಟ. ಅಗ್ಗವೆಂದು ಡಾಂಬರಿನ ಶೀಟ್ ತರುವುದು ಬೇಡ. ನಮ್ಮ ಬೇಸಿಗೆಯಲ್ಲಿ ಅದು ಮೆತ್ತಗಾಗಿ ವಾಸನೆ ಬಿಡುವ, ಜಾರುವ ಸಂಭವವಿದೆ. ಅಲ್ಯೂಮಿನಿಯಂ ಪದರವುಳ್ಳ ಬ್ಯೂಟೈಲ್ ರಬ್ಬರಿನ ಶೀಟ್ ಬಿಸಿಯನ್ನು ತಡೆದುಕೊಳ್ಳುತ್ತದೆ.

ಅಂಟಿಸುವ ಕೆಲಸದಲ್ಲಿ ತಾಳ್ಮೆ ಬೇಕು. ಪ್ಯಾನೆಲ್ಲನ್ನು ಬಿಚ್ಚಿ ಹೊರಗೆ ತಂದು, ಒಳಮೈಯ ಧೂಳನ್ನೂ ಜಿಡ್ಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಶೀಟನ್ನು ಇಡೀ ಪ್ಯಾನೆಲ್ಲಿಗೆ ಹೊದಿಸುವ ಅಗತ್ಯವಿಲ್ಲ, ಹೆಚ್ಚು ನಡುಗುವುದು ನಡುಭಾಗವಾದ್ದರಿಂದ ಅಲ್ಲಿ ಅಂಟಿಸಿದರೆ ಲಾಭದ ಬಹುಪಾಲು ಸಿಗುತ್ತದೆ. ಗಾಳಿಗುಳ್ಳೆ ಉಳಿಯದಂತೆ ಸಣ್ಣ ರೋಲರಿನಿಂದ ಒತ್ತುತ್ತಾ ಹೋಗಬೇಕು. ಅಂಟಿಸುವ ಮುಂಚೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟಣ್ ಎಂದು ಸ್ವಲ್ಪ ಹೊತ್ತು ಅನುರಣಿಸುತ್ತಿದ್ದ ತಗಡು, ಆಮೇಲೆ ಮರದ ಹಲಗೆಯ ಹಾಗೆ ಟಪ್ ಎಂದು ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಶೀಟ್ ಸರಿಯಾಗಿ ಕೂತಿಲ್ಲ ಎಂದೇ ತಿಳಿಯಬೇಕು. ಗಾಳಿಯ ಕಿಂಡಿಗಳನ್ನೂ ಪವರ್ ಸಪ್ಲೈನ ಜಾಲರಿಯನ್ನೂ ಯಾವ ಕಾರಣಕ್ಕೂ ಮುಚ್ಚಬಾರದು.

ಥರ್ಮೋಕೋಲನ್ನೋ ಮೊಟ್ಟೆಯ ಟ್ರೇಗಳನ್ನೋ ಒಳಗೆ ಇಡುವವರಿದ್ದಾರೆ. ಅವು ಹಗುರ, ತಗಡಿನ ನಡುಕವನ್ನು ತಡೆಯಲಾರವು, ಮೇಲಾಗಿ ಹೊತ್ತಿಕೊಳ್ಳುತ್ತವೆ. ಹಾಸಿಗೆಯ ಸಾಧಾರಣ ಫೋಮ್ ಕೂಡ ಹೊತ್ತಿಕೊಂಡರೆ ವಿಷದ ಹೊಗೆ ಬಿಡುತ್ತದೆ. ಕೀರಲು ಸದ್ದೇ ನಿಮ್ಮ ತೊಂದರೆಯಾಗಿದ್ದು ಫೋಮ್ ಬೇಕೇಬೇಕು ಎಂದಾದರೆ ಬೆಂಕಿ ನಿರೋಧಕವೆಂದು ನಮೂದಿಸಿರುವುದನ್ನು ಮಾತ್ರ ಕೊಳ್ಳಿ.

ಶೀಟ್ ಹಾಕಿದ ಮೇಲೆ ಭಾರಿ ಕೆಲಸ ಕೊಟ್ಟು, ಅರ್ಧ ಗಂಟೆ ತಾಪವನ್ನು ಗಮನಿಸುವುದು ಒಳ್ಳೆಯದು. ಅದನ್ನೂ ಮಧ್ಯಾಹ್ನದ ಹೊತ್ತಿನಲ್ಲೇ ಮಾಡಬೇಕು, ಬೆಳಗಿನ ತಂಪಿನಲ್ಲಿ ಸಿಗುವ ಅಂಕಿ ಮೇ ತಿಂಗಳಲ್ಲಿ ಉಪಯೋಗಕ್ಕೆ ಬಾರದು. (ಮೇ ತಿಂಗಳಲ್ಲಿ ಕೋಣೆಯ ಏರ್ ಕೂಲರ್ ಮಾಡುವ ಗದ್ದಲದಲ್ಲಿ ಕಂಪ್ಯೂಟರಿನ ಸದ್ದು ಯಾರಿಗೂ ಕೇಳುವುದಿಲ್ಲ ಎಂಬುದು ಬೇರೆ ಮಾತು.) ಇನ್ನು ಮುಂಭಾಗದಲ್ಲಿ ದೊಡ್ಡ ಜಾಲರಿಯೂ ಪಕ್ಕದಲ್ಲಿ ಗಾಜೂ ಇರುವ ಕ್ಯಾಬಿನೆಟ್ ನಿಮ್ಮದಾಗಿದ್ದರೆ ಶೀಟಿಗೆ ಹಣ ಹಾಕಬೇಡಿ, ಅಲ್ಲಿ ಸದ್ದು ಜಾಲರಿಯಿಂದ ನೇರವಾಗಿ ಹೊರಬರುತ್ತದೆ, ಆ ಹಣಕ್ಕೆ ಒಂದು ಒಳ್ಳೆಯ ಫ್ಯಾನ್ ತಂದುಕೊಳ್ಳುವುದೇ ಲೇಸು.