ಅವ್ವ ಹೊಂಡದ ಮೆಟ್ಟಿಲಿಗೆ ಇಳಿದ ದಿನ

ಬಾಗಲಕೋಟೆಯಿಂದ ಬಾದಾಮಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂಕಾಲು ತಾಸು. ಆದರೆ ಅವ್ವನನ್ನು ಅಗಸ್ತ್ಯ ತೀರ್ಥದ ದಂಡೆಗೆ ಕರೆದೊಯ್ಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಅವಳು ತಪ್ಪಿಸಿದವಳಲ್ಲ. ಬಾದಾಮಿ ದಾಟಿಯೇ ಹೋಗುತ್ತಾಳೆ. ಹೊಂಡ ನೋಡೋಣ ಬಾ ಎಂದರೆ ಮಾತ್ರ, "ನೀರು ನೋಡೂದೇನೈತಿ ತಮ್ಮಾ, ನೋಡಬಾರದಷ್ಟು ನೋಡೇನಿ" ಅನ್ನುತ್ತಿದ್ದಳು.

ನಮ್ಮದು ಮುಳುಗಡೆ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು, ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನೂ ಸುತ್ತಲಿನ ಹಳ್ಳಿಗಳನ್ನೂ ತೆಗೆದುಕೊಂಡಿತು. ನಾವು ನವನಗರಕ್ಕೆ ಬಂದೆವು. ಬರುವಾಗ ಅವ್ವ ಬಾಗಿಲ ಚೌಕಟ್ಟು ಬಿಚ್ಚಿಸಿ ಟ್ರ್ಯಾಕ್ಟರಿಗೆ ಹೇರಿಸಿದಳು, ಮೇಲೆ ಬೀಸುಕಲ್ಲು ಇಡಿಸಿದಳು. ಆಮೇಲೆ ಆ ಊರಿನ ಮಾತು ಅವಳ ಬಾಯಲ್ಲಿ ಬಂದದ್ದು ಕಡಿಮೆ.

ಈ ಸಲ ಶ್ರಾವಣದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದು ಮೂರನೇ ದಿನ ಬಿಸಿಲು ಬಿತ್ತು. "ಅದು ಊರು ಮುಳುಗಿಸಿದ ನೀರಲ್ಲವ್ವಾ, ಊರಿನವರೇ ಕಟ್ಟಿ ನಿಲ್ಲಿಸಿದ ನೀರು" ಎಂದೆ. ಏನು ಅನ್ನಿಸಿತೋ, ಸೀರೆ ಬದಲಿಸಿ ಬಂದು ಚಪ್ಪಲಿ ಮೆಟ್ಟಿದಳು.

ಮೊಣಕಾಲು ನೋವಿನ ಅವ್ವ ಮೊದಲನೇ ಗುಹೆಯವರೆಗೆ ಹತ್ತಿದಳು. ನಟರಾಜನ ಹದಿನೆಂಟು ಕೈಗಳನ್ನು ಬೆರಳು ಮಡಚಿ ಎಣಿಸಿ, ಲೆಕ್ಕ ಸರಿ ಬಂದ ಮೇಲೆ ಅಲ್ಲೇ ಕಟ್ಟೆಗೆ ಕೂತಳು. ನಾನೊಬ್ಬನೇ ಮೂರನೆಯದಕ್ಕೆ ಹೋದೆ. 578ರಲ್ಲಿ ಮಂಗಲೇಶ ಬರೆಸಿದ ಶಾಸನ ಇರುವ ಗುಹೆ ಅದು. ಆದರೆ ಆ ದಿನ ನನ್ನ ಕಣ್ಣು ಕಂಬಗಳ ಮೇಲೆ ನಿಲ್ಲಲಿಲ್ಲ, ಕೆಳಗೇ ಹೋಗುತ್ತಿತ್ತು. ಮೂರು ಕಡೆ ಕೆಂಪು ಮರಳುಗಲ್ಲಿನ ಗುಡ್ಡ ಕುದುರೆ ಲಾಳದ ಹಾಗೆ ಬಾಗಿ ನಿಂತಿದೆ. ತೆರೆದ ಪಡುವಣ ಬದಿಗೆ ಕಲ್ಲಿನ ಕಟ್ಟೆ, ಮೆಟ್ಟಿಲು. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬಂದು ನಡುವೆ ನಿಲ್ಲುತ್ತದೆ. ಇಷ್ಟೇ ಉಪಾಯ. ನದಿ ಇಲ್ಲದ ಜಾಗದಲ್ಲಿ ರಾಜಧಾನಿ ಬಾಳಿದ್ದು ಇಂಥ ನೀರಿನಿಂದ. 543ರಲ್ಲಿ ಒಂದನೇ ಪುಲಕೇಶಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿದ. ನೂರು ವರ್ಷಕ್ಕೆ ಪಲ್ಲವರು ಬಂದು ಊರು ಗೆದ್ದರು. ಅರಸರೆಲ್ಲ ಹೋದರು, ಊರು ಮಾತ್ರ ಈಗಲೂ ಅದೇ ನೀರಿನ ಬದಿಯಲ್ಲಿದೆ.

ವಸ್ತುಸಂಗ್ರಹಾಲಯದ ಕಡೆಯಿಂದ ದಂಡೆಗುಂಟ ಭೂತನಾಥ ಗುಡಿಗೆ ನಡೆದೆವು. ಅವ್ವನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಮಂಗ ಕಸಿದುಕೊಂಡು ಹೋಯಿತು. ಹೋಗಲಿ, ಶ್ರಾವಣ ಎಂದಳು. ಮಳೆ ಜೋರಾಗಿದ್ದರಿಂದ ಗುಡ್ಡದ ನೆತ್ತಿಯಿಂದ ಅಕ್ಕ-ತಂಗಿ ಜಲಪಾತ ಜೋಡಿಯಾಗಿ ಇಳಿಯುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಕಾಣುವ ನೀರು ಅದು. ಕೆಂಪು ಬಂಡೆ ನೆನೆದು ಇನ್ನಷ್ಟು ಕೆಂಪಾಗಿತ್ತು.

ಭೂತನಾಥನ ಮಂಟಪದ ಅಂಚಿಗೆ ನೀರು ತಾಗುತ್ತದೆ. ಅಲ್ಲಿ ಕೂತು ನಾನು ಈಶಾನ್ಯದ ಬಂಡೆಯ ಕಡೆ ಕೈ ತೋರಿಸಿ ಕಪ್ಪೆ ಅರಭಟ್ಟನ ಶಾಸನದ ಸುದ್ದಿ ಹೇಳಿದೆ. ಏಳನೇ ಶತಮಾನ ಮುಗಿಯುವ ಹೊತ್ತಿನದು, ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ತ್ರಿಪದಿ ಅದರಲ್ಲಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂದು ಶುರು ಮಾಡಿ, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದನ್ನು ಮೂರೂ ಸಾಲು ಹೇಳಿದೆ.

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವಳ ಬಲಗೈ ತೊಡೆಯ ಮೇಲೆ ಗುಂಡಗೆ ತಿರುಗುತ್ತಿತ್ತು. ಮುಷ್ಟಿ ಅರ್ಧ ಬಿಗಿದಿದೆ, ಹೆಬ್ಬೆರಳು ಮೇಲೆ, ಮಣಿಕಟ್ಟು ಒಂದು ಸುತ್ತಿಗೆ ಒಮ್ಮೆ ಬಾಗುತ್ತದೆ. ಬೀಸುಕಲ್ಲಿನ ಗೂಟ ಹಿಡಿದ ಕೈ ಅದು.

"ಇದು ಬೀಸೂ ಹಾಡಿನ ಧಾಟಿ ಅಲ್ಲೇನೋ?" ಎಂದಳು. "ಹೌದವ್ವಾ" ಎಂದೆ. ನನಗೆ ಗಂಟಲು ಕಟ್ಟಿತ್ತು. ಛಂದಸ್ಸಿನ ಪಾಠದಲ್ಲಿ ಗಣ ಎಣಿಸಿ ಅಂಕ ತೆಗೆದುಕೊಂಡವನು ನಾನು. ಎಂದೂ ಶಾಲೆ ಮೆಟ್ಟಿಲು ಹತ್ತದ ಅವಳು ಕೈಯಲ್ಲೇ ಗುರುತು ಹಿಡಿದಳು.

ಹೊರಳಿ ಊರ ಕಡೆಯ ಮೆಟ್ಟಿಲಿಗೆ ಬಂದಾಗ ಹೆಣ್ಣುಮಕ್ಕಳು ಅರಿವೆ ಒಗೆಯುತ್ತಿದ್ದರು. ಇಲ್ಲಿ ಅರಿವೆ ಕಲ್ಲಿಗೆ ಬಡಿದರೆ ಸಪ್ಪಳ ಒಂದಕ್ಕೇ ಮುಗಿಯುವುದಿಲ್ಲ. ಗುಡ್ಡಕ್ಕೆ ಹೋಗಿ ತಿರುಗಿ ಬರುತ್ತದೆ. ಹತ್ತು ಜನ ಬಡಿದರೆ ಇಪ್ಪತ್ತು ಜನ ಒಗೆದ ಹಾಗೆ. ಅವ್ವ ಸೀರೆ ನಿರಿಗೆ ಎತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ನೀರಲ್ಲಿ ಕಾಲಿಟ್ಟಳು.

"ಯಾವೂರವ್ವಾ ನಿಮ್ಮದು?" ಹತ್ತಿರದ ಹೆಣ್ಣುಮಗಳು ಕೇಳಿದಳು.

ಯಾರು ಕೇಳಿದರೂ ಅವ್ವ ನವನಗರ ಎಂದು ಸೆಕ್ಟರ್ ನಂಬರ್ ಹೇಳುತ್ತಾಳೆ. ಅವತ್ತು ನಮ್ಮ ಹಳೇ ಊರಿನ ಹೆಸರು ಹೇಳಿದಳು.

"ಅದು ಮುಳುಗೈತಲ್ಲಬೇ?"

"ಹೂಂ ಯವ್ವಾ, ಮುಳುಗೈತಿ" ಎಂದವಳೇ ನನ್ನ ಹೆಗಲಿನ ಟವೆಲ್ ಎಳೆದುಕೊಂಡು ಅದ್ದಿ, ಮಡಚಿ, ಕಲ್ಲಿಗೆ ಬಡಿದಳು. ಗುಡ್ಡದಿಂದ ಸಪ್ಪಳ ತಿರುಗಿ ಬರುವವರೆಗೆ ಕೈ ತಡೆದು ನಿಂತಳು. ಮತ್ತೆ ಬಡಿದಳು.

ಮಧ್ಯಾಹ್ನ ಬನಶಂಕರಿಯಲ್ಲಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ತೆಗೆದುಕೊಂಡೆವು. ಒದ್ದೆ ಟವೆಲ್ ಪಕ್ಕದ ಕಟ್ಟೆಯ ಮೇಲೆ ಹರವಿತ್ತು. ರೊಟ್ಟಿ ಮುರಿಯುತ್ತ ಅವ್ವ ತಾನಾಗಿ ಶುರು ಮಾಡಿದಳು. ನಮ್ಮ ಹೊಳೆದಂಡೆಯಲ್ಲಿ ಏಳು ಮೆಟ್ಟಿಲು ಇದ್ದವಂತೆ. ಮೂರನೆಯದರ ಮೇಲಿನ ಕರಿಕಲ್ಲು ನನ್ನ ಅಜ್ಜಿಯದು, ಅಲ್ಲಿ ಬೇರೆ ಯಾರೂ ಒಗೆಯುತ್ತಿರಲಿಲ್ಲ. ಅದರ ಎಡಕ್ಕಿನದು ಬಡಿಗೇರರ ಮನೆಯವರದು. ನಾನು ಕೇಳುತ್ತಲೇ ಇದ್ದೆ. ಮೊಸರಿನ ಗಡಿಗೆ ಬರಿದಾದಾಗ ಅವಳಿನ್ನೂ ಐದನೇ ಮೆಟ್ಟಿಲಿನ ಮೇಲಿದ್ದಳು.