ಆಪರೇಷನ್ ಮಾಡಿಸಿದರೆ ಮಗು ನಡೆಯುತ್ತಾ?

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸುವುದು ಕಷ್ಟವಾಗುವ ಸ್ಥಿತಿ. 9ನೇ ವಯಸ್ಸಿನಲ್ಲಿ ಅವನ ಎರಡೂ ಮಂಡಿಗಳ ಹಿಂದಿನ ಬಿಗಿ ಸಡಿಲಿಸುವ ಆಪರೇಷನ್ ಆಯಿತು. ಅವತ್ತಿನಿಂದ ಥೆರಪಿಗೆ ಬರುವ ಅಪ್ಪ ಅಮ್ಮಂದಿರೆಲ್ಲ ನನ್ನನ್ನು ಕೇಳುವುದು ಈ ಒಂದೇ ಪ್ರಶ್ನೆ.

ಆಪರೇಷನ್ ಮಂಡಿ ನೆಟ್ಟಗಾಗಲು ಜಾಗ ಮಾಡಿಕೊಡುತ್ತದೆ. ನಡಿಗೆಯನ್ನು ಮಗು ಆಮೇಲೆ ಕಲಿಯಬೇಕು.

ಮಂಡಿಯ ಹಿಂದೆ ಕೈಯಿಟ್ಟರೆ ಎರಡೂ ಪಕ್ಕ ಹಗ್ಗದ ಹಾಗೆ ಸಿಗುತ್ತದಲ್ವಾ, ಅದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳ ತುದಿ. ತೊಂದರೆಯ ಮೂಲ ಮೆದುಳಿನಲ್ಲಿದೆ. ಅದರಿಂದಾಗಿ ಸ್ನಾಯು ಬಿಗಿದುಕೊಂಡೇ ಇರುತ್ತದೆ. ಮೂಳೆ ಉದ್ದವಾಗುತ್ತಾ ಹೋಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಕೊನೆಗೆ ನಿಂತಾಗಲೂ ಮಂಡಿ ಮಡಚಿಯೇ ಇರುತ್ತದೆ. ನೀವೇ ಮಂಡಿ ಅರ್ಧ ಬಗ್ಗಿಸಿಕೊಂಡು ಮನೆಯೊಳಗೆ ಒಂದು ಸುತ್ತು ಹಾಕಿ ನೋಡಿ. ತೊಡೆ ಉರಿಯುತ್ತದೆ. ಈ ಮಕ್ಕಳು ದಿನವಿಡೀ ಹಾಗೇ ನಡೆಯುತ್ತಾರೆ.

ಸರ್ಜನ್ ನಮಗೆ ಚಿತ್ರ ಬರೆದು ತೋರಿಸಿದರು. ಒಳಪಕ್ಕದ ತೆಳ್ಳಗಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗವನ್ನು, ಕತ್ತರಿಸಿ ಉದ್ದ ಮಾಡುತ್ತಾರೆ. ದಪ್ಪ ಸ್ನಾಯುವಿನಲ್ಲಿ ಮೇಲಿನ ಬಿಳಿ ಪೊರೆಯನ್ನು ಮಾತ್ರ ಅಡ್ಡಕ್ಕೆ ಕೊಯ್ಯುತ್ತಾರೆ, ಒಳಗಿನ ಮಾಂಸ ಮುಟ್ಟುವುದಿಲ್ಲ. ಪೂರ್ತಿ ಬಿಡಿಸಿಬಿಡಿ ಅಂದೆ ನಾನು. ಈ ಸ್ನಾಯುಗಳೇ ಸೊಂಟವನ್ನೂ ಹಿಂದಿನಿಂದ ಹಿಡಿದಿರುತ್ತವೆ, ಜಾಸ್ತಿ ಸಡಿಲವಾದರೆ ಸೊಂಟ ಮುಂದಕ್ಕೆ ವಾಲಬಹುದು, ಮಂಡಿ ಹಿಂದಕ್ಕೆ ಬಾಗಬಹುದು ಅಂದರು.

ಹಿಮ್ಮಡಿ, ತೊಡೆಸಂದಿಯಲ್ಲೂ ಬಿಗಿ ಇದ್ದರೆ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಸಲ ಸರಿಮಾಡಲು ನೋಡುತ್ತಾರೆ. ವರ್ಷಕ್ಕೊಂದು ಆಪರೇಷನ್ ಅಂತ ಮಗುವಿನ ಹುಟ್ಟುಹಬ್ಬಗಳೆಲ್ಲ ಆಸ್ಪತ್ರೆಯಲ್ಲೇ ಕಳೆಯಬಾರದು ಎಂದು ಟೊರಾಂಟೊದ ಸರ್ಜನ್ ಮರ್ಸರ್ ರ್ಯಾಂಗ್ ಹಿಂದೆಯೇ ಎಚ್ಚರಿಸಿದ್ದರು.

ನನಗೆ ಮೊದಲೇ ಗೊತ್ತಿರಬೇಕಿತ್ತು ಅನ್ನಿಸುವುದು ಆಮೇಲಿನ ದಿನಗಳ ಬಗ್ಗೆ. ಕಾಲು ನೆಟ್ಟಗಾಯಿತು, ಬಲ ಹೋಯಿತು. ಗೋಡೆ ಹಿಡಿದು ಅಡುಗೆಮನೆವರೆಗೆ ಬರುತ್ತಿದ್ದವನಿಗೆ ಎರಡು ತಿಂಗಳು ನಿಲ್ಲಲೂ ಆಗಲಿಲ್ಲ. "ಮೊದಲೇ ಚೆನ್ನಾಗಿತ್ತು ಅಮ್ಮ" ಅಂತ ಅಳುತ್ತಿದ್ದ. ಹಗಲು ಥೆರಪಿ, ರಾತ್ರಿ ಕಾಲನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್. ಮೊದಲಿನಷ್ಟು ನಡೆಯಲು ಆರು ತಿಂಗಳು ಬೇಕಾಯಿತು, ಅದಕ್ಕಿಂತ ಚೆನ್ನಾಗಿ ನಡೆಯಲು ಒಂದು ವರ್ಷ.

ಹಾಗಾಗಿ ನಾನು ತಿರುಗಿ ಕೇಳುತ್ತೇನೆ. ಮಗು ಈಗ ಆಸರೆ ಹಿಡಿದು ಹೆಜ್ಜೆ ಹಾಕುತ್ತಾ? ಒಂದು ವರ್ಷ ದಿನಾ ವ್ಯಾಯಾಮ ಮಾಡಿಸಲು ಮನೆಯಲ್ಲಿ ಯಾರಿದ್ದಾರೆ? ಹೆಜ್ಜೆಯನ್ನೇ ಹಾಕದ ಮಗುವಿಗೂ ಇದರಿಂದ ಕೂರುವುದು, ಹಿಡಿದು ನಿಲ್ಲಿಸುವುದು ಸುಲಭವಾಗಬಹುದು. ಅದೂ ದೊಡ್ಡದೇ. ಆದರೆ ಓಡುತ್ತಾನೆ ಅಂತ ಆಸೆ ಹುಟ್ಟಿಸಬೇಡಿ.

ನನ್ನ ಮಗ ಈಗ ವಾಕರ್ ಹಿಡಿದು ಬಸ್ ಸ್ಟಾಪಿನವರೆಗೆ ಬರುತ್ತಾನೆ. ಎತ್ತರವಾಗುತ್ತಿದ್ದಾನೆ, ಬಿಗಿ ಮತ್ತೆ ಬರಬಹುದು. ರಾತ್ರಿ ಸ್ಪ್ಲಿಂಟ್ ಕಟ್ಟುವುದನ್ನು ಇನ್ನೂ ಬಿಟ್ಟಿಲ್ಲ.